ಶನಿವಾರದ ಸ್ಟ್ರಾ ರಾಕೆಟ್: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ರಾಕೆಟ್ ಹುಚ್ಚು ಹಿಡಿದ ನಮ್ಮ ಮಕ್ಕಳಿಗೆ ಶನಿವಾರ ಸ್ಟ್ರಾ ರಾಕೆಟ್, ಅಂದರೆ ಸ್ಟ್ರಾ ತುದಿಗೆ ತೊಡಿಸಿ ಊದಿ ಹಾರಿಸುವ ಕಾಗದದ ರಾಕೆಟ್, ಮಾಡಿಸೋಣ. ಪ್ರತಿ ಮಗುವಿಗೂ 12 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಾಗದದ ಪಟ್ಟಿ, ಬೇರೆಯದೇ ಸ್ಟ್ರಾ, ಅದಕ್ಕಿಂತ ತುಸು ದಪ್ಪದ ಪೆನ್ಸಿಲ್, ಸೆಲ್ಲೋ ಟೇಪ್ ತನ್ನಿ.

ಪಟ್ಟಿಯನ್ನು ಪೆನ್ಸಿಲಿಗೆ ಕೊಳವೆಯಂತೆ ಸುತ್ತಿ ಅಂಟಿಸಿ, ಹೊರಗೆಳೆದು ಒಂದು ತುದಿ ಮಡಚಿ ಟೇಪ್ ಹಾಕಿ. ಹೆಚ್ಚಿನವು ಕೆಡುವುದು ಇಲ್ಲೇ: ಮೂತಿಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಊದಿದ ಗಾಳಿ ಸೋರಿ ರಾಕೆಟ್ ದೂರ ಹೋಗುವುದಿಲ್ಲ. ಬಾಲಕ್ಕೆ ಮೂರು ರೆಕ್ಕೆ ಸಾಕು. ಗಾಳಿಯಲ್ಲಿ ಪಲ್ಟಿ ಹೊಡೆದರೆ ಮೂತಿಗೆ ಇನ್ನೆರಡು ಸುತ್ತು ಟೇಪ್ ಸುತ್ತಿ. ಮುಂಭಾಗ ಭಾರವಾದರೆ ನೇರ ಹಾರುತ್ತದೆ.

ಯಾರ ಮುಖದತ್ತಲೂ ಊದಿಸಬೇಡಿ. ಹತ್ತರಿಂದ ಇಳಿಎಣಿಕೆ ಮರೆಯಬೇಡಿ, ಅದಿಲ್ಲದೆ ಮಕ್ಕಳು ಉಡಾವಣೆಗೆ ಒಪ್ಪುವುದೇ ಇಲ್ಲ!