ಆಗುಂಬೆ ಹತ್ತಿದ ದಿನ: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ
ನವೆಂಬರ್ 10, ರಾತ್ರಿ ಹನ್ನೊಂದೂವರೆ

ಗೆಳೆಯಾ,

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ಹಿತ್ತಿಲ ಮಾಡಿನಡಿ ನಿನ್ನ ಮಗಳು ಪುಟ್ಟಿಯ ಸೈಕಲ್ ನೋಡಿದೆ. ನೀನು ಅದಕ್ಕೆ ಹಳೇ ಬೆಡ್‌ಶೀಟು ಹೊದಿಸಿ ಹಗ್ಗ ಬಿಗಿದು ಇಟ್ಟಿದ್ದೆ. ಯಾಕೆ ಅಂತ ಕೇಳಿದ್ದಕ್ಕೆ, "ದಾರಿಯಲ್ಲಿ ಶುಗರ್ ಇಳಿದು ಬಿದ್ದರೆ ಎತ್ತೋರು ಯಾರು?" ಅಂದೆ. ಅವತ್ತು ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಸುಮ್ಮನೆ ಕಾಫಿ ಕುಡಿದು ಎದ್ದು ಬಂದೆ. ಇವತ್ತು ಕಣ್ಣಾರೆ ನೋಡಿದ್ದನ್ನು ನಿನಗೆ ಹೇಳದೆ ನಿದ್ದೆ ಬರುವ ಹಾಗಿಲ್ಲ. ಕಾಲು ಎರಡೂ ಮರದ ತುಂಡಿನ ಹಾಗಾಗಿವೆ, ಆದರೂ ಬರೆಯುತ್ತಿದ್ದೇನೆ.

ನಾವು ಹನ್ನೊಂದು ಜನ ನಿನ್ನೆ ಮಂಗಳೂರಿನಿಂದ ಹೊರಟೆವು. ಉಡುಪಿ, ಆಗುಂಬೆ, ಶಿವಮೊಗ್ಗ, ತುಮಕೂರು ದಾಟಿ 14ನೇ ತಾರೀಖು ಬೆಂಗಳೂರು ಸೇರಬೇಕು. ಒಟ್ಟು ಐನೂರು ಕಿಲೋಮೀಟರಿನ ಆಸುಪಾಸು. ಪ್ರತಿ ಕಿಲೋಮೀಟರಿಗೆ ಇಷ್ಟು ಅಂತ ನೆಂಟರು, ಆಫೀಸಿನವರು, ಹಳೇ ವಿದ್ಯಾರ್ಥಿಗಳು ಕೊಡುವ ದುಡ್ಡೆಲ್ಲ ಪುಟ್ಟಿಯ ಹಾಗೆ ಟೈಪ್ 1 ಡಯಾಬಿಟಿಸ್ ಬಂದು ಮೈಯಲ್ಲಿ ಇನ್ಸುಲಿನ್ ತಯಾರಾಗದ ಮಕ್ಕಳ ಇನ್ಸುಲಿನ್‌ಗೆ, ಶುಗರ್ ಅಳೆಯುವ ಗ್ಲೂಕೋಮೀಟರ್ ಸ್ಟ್ರಿಪ್‌ಗೆ ಹೋಗುತ್ತದೆ. ಸ್ಟ್ರಿಪ್ ಲೆಕ್ಕ ನಿನಗೆ ನಾನು ಹೇಳಬೇಕಾಗಿಲ್ಲ. ಒಂದಕ್ಕೆ ಇಪ್ಪತ್ತು ರೂಪಾಯಿ ಅಂದುಕೊಂಡರೂ ದಿನಕ್ಕೆ ಐದು ಸಲ ಚುಚ್ಚಿದರೆ ತಿಂಗಳಿಗೆ ಮೂರು ಸಾವಿರ. ಕೂಲಿ ಮಾಡುವ ಮನೆಯಲ್ಲಿ ಆ ಮೂರು ಸಾವಿರ ಉಳಿಸಲು ಹೋಗಿ ಮಗುವಿನ ಶುಗರ್ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೊಂದು ಡಾಲರಿಗೆ ಬರೆದುಕೊಟ್ಟರು. ಎಲ್ಲರಿಗೂ ಸಿಗಲಿ ಅಂತ. ನೂರು ವರ್ಷದ ಮೇಲೂ ಅದಕ್ಕಾಗಿ ನಾವು ಸೈಕಲ್ ತುಳಿದು ಚಂದಾ ಎತ್ತಬೇಕಾಗಿದೆ.

ನಮ್ಮ ತಂಡದಲ್ಲಿ ಒಬ್ಬರು ಅಕ್ಕ ಇದ್ದಾರೆ. ಹಾಸನ ಕಡೆಯವರು, ನಲವತ್ತು ದಾಟಿದೆ. ಎಂಟನೇ ವಯಸ್ಸಿನಿಂದ ಟೈಪ್ 1. ನಮ್ಮ ಪುಟ್ಟಿಗೆ ಬಂದ ವಯಸ್ಸೇ. ಇವತ್ತು ಬೆಳಿಗ್ಗೆಯಿಂದ ನಾನು ಅವರ ಹಿಂದಿನ ಚಕ್ರ ಬಿಡಲಿಲ್ಲ.

ಉಡುಪಿಯಲ್ಲಿ ಐದೂಮುಕ್ಕಾಲಿಗೆ ಇಡ್ಲಿ, ಬನ್ಸು. ಅಕ್ಕ ತಟ್ಟೆ ಮುಂದೆ ಕೂತು ಮೊದಲು ಬೆರಳು ಚುಚ್ಚಿ ನೋಡಿಕೊಂಡರು, ಆಮೇಲೆ ಇನ್ಸುಲಿನ್ ತೆಗೆದುಕೊಂಡರು, ದಿನಾ ತೆಗೆದುಕೊಳ್ಳುವುದಕ್ಕಿಂತ ಕಡಿಮೆ. ಯಾಕಕ್ಕಾ ಅಂದೆ. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದಂತೆ. ಮೈಯಲ್ಲಿ ಇನ್ಸುಲಿನ್ನೂ ಜಾಸ್ತಿ ಇದ್ದರೆ ಎರಡೂ ಸೇರಿ ಶುಗರನ್ನು ಪಾತಾಳಕ್ಕೆ ಇಳಿಸುತ್ತವೆ. ಎಷ್ಟು ಕಡಿಮೆ ಮಾಡಬೇಕು ಅನ್ನುವುದು ಅವರ ಡಾಕ್ಟರು ಬರೆದುಕೊಟ್ಟ ಲೆಕ್ಕ. ಪುಟ್ಟಿಗೆ ಅವಳ ಡಾಕ್ಟರೇ ಹೇಳಬೇಕು, ನಾನು ಹೇಳಿದೆ ಅಂತ ಏನೂ ಮಾಡಬೇಡ. ಇನ್ಸುಲಿನ್ ಪೆನ್ನನ್ನು ಒದ್ದೆ ಬಟ್ಟೆಯ ಚೀಲದಲ್ಲಿ ಸುತ್ತಿ ಹ್ಯಾಂಡಲ್ ಬ್ಯಾಗಿನ ತಳದಲ್ಲಿ ಇಟ್ಟರು. ಕರಾವಳಿಯ ಬಿಸಿಲು ನಿನಗೆ ಗೊತ್ತಲ್ಲ.

ಮಣಿಪಾಲದ ಏರು, ಪರ್ಕಳ, ಹಿರಿಯಡ್ಕ, ಪೆರ್ಡೂರು. ಅರ್ಧರ್ಧ ಗಂಟೆಗೆ ಅಕ್ಕನ ಕೈ ಜರ್ಸಿಯ ಬೆನ್ನ ಜೇಬಿಗೆ ಹೋಗುತ್ತಿತ್ತು. ಒಮ್ಮೆ ಬಾಳೆಹಣ್ಣು, ಒಮ್ಮೆ ಖರ್ಜೂರ. ಹಸಿವಾಗಲಿ ಬಿಡಲಿ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದರು. ಪೆರ್ಡೂರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು, ಅಕ್ಕಪಕ್ಕ ತುಳಿಯುತ್ತಾ ಮಾತಾಡಿದೆವು. ನೋವೊ ನಾರ್ಡಿಸ್ಕ್ ಅಂತ ಒಂದು ವೃತ್ತಿಪರ ಸೈಕ್ಲಿಂಗ್ ತಂಡ ಇದೆಯಲ್ಲ, ಅದರಲ್ಲಿ ಓಡಿಸುವ ಒಬ್ಬೊಬ್ಬನೂ ಟೈಪ್ 1 ಅಂತೆ. ನನಗೆ ಗೊತ್ತೇ ಇರಲಿಲ್ಲ. ಇಟಲಿಯ ಮಿಲಾನ್-ಸ್ಯಾನ್ ರೆಮೊ ರೇಸು ಒಂದೇ ದಿನಕ್ಕೆ ಮುನ್ನೂರು ಕಿಲೋಮೀಟರಿನ ಹತ್ತಿರ. ಅದನ್ನೂ ಆ ತಂಡ ತುಳಿದಿದೆ.

ಹೆಬ್ರಿ ಹತ್ತಿರ ನಮ್ಮ ತಂಡದ ಮೇಷ್ಟ್ರೊಬ್ಬರ ಸೈಕಲ್ ಪಂಕ್ಚರ್ ಆಗಿ ಒಂದು ಮನೆಯ ಅಂಗಳದ ಅಂಚಿಗೆ ನಿಂತೆವು. ಒಳಗಿನಿಂದ ಅಜ್ಜಿಯೊಬ್ಬರು ಬಂದು, "ಆಸ್ರಿಗೆ ಎಂತ ಬೇಕು?" ಅಂದರು. ನಾವು ಬಾಯಿ ಬಿಡುವುದರೊಳಗೆ ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ಬಂದಿತ್ತು. ನಮ್ಮಲ್ಲೊಬ್ಬ ಗಾಬರಿಯಿಂದ, "ಅಕ್ಕನಿಗೆ ಬೇಡಮ್ಮ, ಶುಗರ್ ಇದೆ" ಅಂದುಬಿಟ್ಟ. ಅಕ್ಕ ಎರಡು ಚೂರು ತಗೊಂಡು, "ಇವತ್ತು ನನಗಿದು ಔಷಧಿ ಅಜ್ಜಿ" ಅಂದರು. ಅಜ್ಜಿ ಇನ್ನೊಂದು ಅಚ್ಚು ಕಾಗದದಲ್ಲಿ ಕಟ್ಟಿಕೊಟ್ಟರು. ಯಾರ ಸೈಕಲ್, ಯಾತಕ್ಕೆ ಹೊರಟಿದ್ದೀರಿ, ಒಂದೂ ಕೇಳಲಿಲ್ಲ.

ಸೀತಾನದಿ ಕಳೆದು ಸೋಮೇಶ್ವರ ಮುಟ್ಟುವಾಗ ಹತ್ತೂವರೆ. ಅಲ್ಲಿಂದ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು. ಬಸ್ಸಿನಲ್ಲಿ ಕೂತು ಎಷ್ಟು ಸಲ ಹತ್ತಿದ್ದೇವೋ, ಆಗೆಲ್ಲ ಮುಗಿದುಹೋಗುವುದೇ ತಿಳಿಯುತ್ತಿರಲಿಲ್ಲ. ಸೈಕಲ್ ಮೇಲೆ ಒಂದೊಂದು ತಿರುವಿಗೂ ಬೇರೆ ಬೇರೆ ಗುಣ. ಒಳಮೈಯಲ್ಲಿ ಹೋದರೆ ಏರು ಗೋಡೆಯ ಹಾಗೆ ಎದುರು ನಿಲ್ಲುತ್ತದೆ, ಹೊರಮೈಯಲ್ಲಿ ಹೋದರೆ ಮೇಲಿಂದ ಇಳಿಯುವ ಬಸ್ಸಿನ ಮೂತಿ. ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ, ಉಸಿರು ಎಣಿಸುತ್ತಾ ಹತ್ತಬೇಕು. ನವೆಂಬರಾದರೂ ಬಂಡೆಯಿಂದ ನೀರು ಜಿನುಗುತ್ತಿತ್ತು. ಮರಗಳ ಮೇಲೆ ಕೋತಿಗಳು ನಮ್ಮನ್ನೇ ನೋಡುತ್ತಾ ಕೂತಿದ್ದವು.

ಈಗ ಹೇಳುವುದನ್ನು ಸರಿಯಾಗಿ ಓದು. ಆರನೇ ತಿರುವಿನ ಹತ್ತಿರ ಅಕ್ಕ, "ನಿಲ್ಲಿಸ್ತೀನಿ" ಅಂದರು. ನನಗೆ ಹತ್ತುವ ಲಯ ಸಿಕ್ಕಿತ್ತು, ಮುಂದಿನವರು ಕಣ್ಣಿಗೆ ಕಾಣುತ್ತಿದ್ದರು. "ಇನ್ನೊಂದು ತಿರುವು ಅಷ್ಟೇ ಅಕ್ಕ, ಅಲ್ಲಿ ಜಾಗ ಚೆನ್ನಾಗಿದೆ" ಅಂದೆ. ತಪ್ಪು ನನ್ನದು. ಅವರು ನನ್ನ ಮಾತಿಗೆ ಉತ್ತರವನ್ನೂ ಕೊಡದೆ ಸೈಕಲ್ಲನ್ನು ಮೋರಿಯ ಕಟ್ಟೆಗೆ ಒರಗಿಸಿ ಕೂತುಬಿಟ್ಟರು. ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ 84 ತೋರಿಸುತ್ತಿತ್ತು, ಬಾಣ ಕೆಳಮುಖ, ಅಂದರೆ ಇನ್ನೂ ಇಳಿಯುತ್ತಿದೆ. ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ ಅಂತ ಬೆರಳು ಚುಚ್ಚಿದರು. 61. ಕೈ ನಡುಗುತ್ತಿತ್ತು, ಹಣೆಯ ಬೆವರು ಏರಿನ ಬೆವರಲ್ಲ. ಗ್ಲೂಕೋಸ್ ಪೊಟ್ಟಣ ಒಡೆದು ಹದಿನೈದು ಗ್ರಾಮಿನಷ್ಟು ಬಾಯಿಗೆ ಹಾಕಿಕೊಂಡು ನೀರು ಕುಡಿದರು. "ಹದಿನೈದು ನಿಮಿಷ" ಅಂದರು. ಅಷ್ಟೇ ಮಾತು. ನಾನು ಪಕ್ಕದಲ್ಲಿ ಕೂತೆ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಅವರು ಮಾತ್ರ ಮಳೆ ನಿಲ್ಲಲಿ ಅಂತ ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ ಕಾಡು ನೋಡುತ್ತಾ ಕೂತಿದ್ದರು. ಮತ್ತೆ ಚುಚ್ಚಿದಾಗ 93. ಅಜ್ಜಿ ಕೊಟ್ಟ ಬೆಲ್ಲದಲ್ಲಿ ಒಂದು ತುಂಡು, ಜೊತೆಗೆ ನಾಲ್ಕು ಬಿಸ್ಕತ್ತು ತಿಂದು, ಇನ್ನೂ ಹತ್ತು ನಿಮಿಷ ಕೂತು ಹೆಲ್ಮೆಟ್ ಹಾಕಿಕೊಂಡರು. ಉಳಿದ ಎಂಟೂ ತಿರುವು ನಾನು ಅವರ ಹಿಂದೆ, ಅವರ ವೇಗದಲ್ಲಿ ಹತ್ತಿದೆ.

ಎತ್ತೋರು ಯಾರು ಅಂತ ನೀನು ಕೇಳಿದ್ದೆಯಲ್ಲ. ಇವತ್ತು ಯಾರೂ ಎತ್ತಬೇಕಾಗಿ ಬರಲಿಲ್ಲ. ಬೀಳುವ ಮೊದಲೇ ಕೂರುವುದು ಅವರಿಗೆ ಗೊತ್ತಿತ್ತು. ಎಂಟನೇ ವಯಸ್ಸಿನಿಂದ ಬಿಸಿಲಲ್ಲಿ, ಆಟದಲ್ಲಿ, ಕೆರೆಯಲ್ಲಿ ಕಲಿತದ್ದು ಅದು. ಮನೆಯೊಳಗೇ ಕೂರಿಸಿದ್ದರೆ ಎಲ್ಲಿ ಕಲಿಯುತ್ತಿದ್ದರು?

ಸೂರ್ಯಾಸ್ತ ನೋಡುವ ಕಟ್ಟೆಯಲ್ಲಿ ಮಟಮಟ ಮಧ್ಯಾಹ್ನ ಮಂಜು, ಏನೂ ಕಾಣಲಿಲ್ಲ. ಆಗುಂಬೆಯಲ್ಲಿ ಊಟ. ಅಲ್ಲಿಂದ ತೀರ್ಥಹಳ್ಳಿ ಏರಿಳಿತದ ದಾರಿ, ಅಡಿಕೆ ತೋಟದ ನೆರಳು. ನಾಲ್ಕೂವರೆಗೆ ತುಂಗಾ ಸೇತುವೆ.

ಸಂಜೆ ನಾವು ಉಳಿದಲ್ಲಿಗೆ ಮೂರು ಮನೆಯವರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅದರಲ್ಲೊಬ್ಬ ಹುಡುಗ, ಹನ್ನೊಂದು ವರ್ಷ ಇರಬೇಕು, ಅಪ್ಪ ಅಮ್ಮ ತೋಟದ ಕೆಲಸದವರು. ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಸಣ್ಣದರಲ್ಲಿ ಇನ್ಸುಲಿನ್ ಬಾಟಲಿ. ದಿನಾ ಎರಡು ಹೊತ್ತು ಮರಳಿಗೆ ನೀರು ಚಿಮುಕಿಸುವುದು ಅವನದೇ ಕೆಲಸ. ಅಕ್ಕನ ಎದುರು ಬಂದು ತನ್ನ ಹತ್ತೂ ಬೆರಳು ತೋರಿಸಿದ. ಅಕ್ಕ ತಮ್ಮದನ್ನೂ ಪಕ್ಕದಲ್ಲಿ ಇಟ್ಟರು. ಇಬ್ಬರೂ ಚುಚ್ಚಿದ ಕಲೆ ಎಣಿಸುತ್ತಾ ಕೂತರು. ಬೆರಳಿನ ನಡುವೆ ಚುಚ್ಚಬೇಡ, ಬದಿಗೆ ಚುಚ್ಚು, ನೋವು ಕಡಿಮೆ ಅಂತ ಅಕ್ಕ ತೋರಿಸಿಕೊಟ್ಟರು. ಆಮೇಲೆ ಅವನು ಕೇಳಿದ್ದು ಒಂದೇ, "ಆಗುಂಬೆ ಪೂರ್ತಿ ಇಳೀದೇ ಹತ್ತಿದ್ರಾ?" "ಇಲ್ಲ, ಮಧ್ಯ ಕೂತು ಹತ್ತಿದೆ" ಅಂದರು ಅಕ್ಕ.

ಅವನ ಅಮ್ಮ ಶಾಲೆಯ ಮೇಷ್ಟರಿಗೆ ಹೇಳಿ ಆಟದ ಪೀರಿಯಡ್ಡಿನಲ್ಲಿ ಕೂರಿಸುತ್ತಿದ್ದರಂತೆ. ಅಕ್ಕ ಅವರಿಗೆ ಉಪದೇಶ ಮಾಡಲಿಲ್ಲ. ಚೀಲದಿಂದ ಗ್ಲೂಕೋಸ್ ಡಬ್ಬಿ ತೆಗೆದು, ಒಂದು ಸಲಕ್ಕೆ ಎಷ್ಟು, ಎಷ್ಟು ಹೊತ್ತು ಕಾಯಬೇಕು, ಆಮೇಲೆ ಏನು ತಿನ್ನಿಸಬೇಕು ಅಂತ ಆ ಅಮ್ಮನ ಬಾಯಲ್ಲೇ ಮೂರು ಸಲ ಹೇಳಿಸಿದರು. ಅಷ್ಟರಲ್ಲಿ ಹುಡುಗ ನನ್ನ ಸೈಕಲ್ ಏರಿಯಾಗಿತ್ತು. ಸೀಟು ಎತ್ತರ, ಕಾಲು ಎಟುಕದು. ಪೆಡಲಿನ ಮೇಲೇ ನಿಂತುಕೊಂಡು ಅಂಗಳದಲ್ಲಿ ಎರಡು ಸುತ್ತು ಹೊಡೆದ. ಅವನ ಅಮ್ಮ ಡಬ್ಬಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದರು, ನಿಲ್ಲು ಅನ್ನಲಿಲ್ಲ.

14ನೇ ತಾರೀಖು ನಮ್ಮಲ್ಲಿ ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನವೂ ಹೌದು, ಅದಕ್ಕೇ ಜಗತ್ತೆಲ್ಲ ಅವತ್ತು ಡಯಾಬಿಟಿಸ್ ದಿನ ಮಾಡುತ್ತದೆ. 1922ರ ಜನವರಿಯಲ್ಲಿ ಮೊದಲ ಇಂಜೆಕ್ಷನ್ ತಗೊಂಡವನು ಲಿಯೊನಾರ್ಡ್ ಥಾಮ್ಸನ್ ಅನ್ನುವ ಹದಿನಾಲ್ಕು ವರ್ಷದ ಹುಡುಗ. ಅದಕ್ಕೂ ಮೊದಲಾಗಿದ್ದರೆ ಉಪವಾಸ ಕೆಡವಿ ಸ್ವಲ್ಪ ಕಾಲ ಉಳಿಸಿಕೊಳ್ಳುವುದು ಬಿಟ್ಟರೆ ಡಾಕ್ಟರ ಕೈಯಲ್ಲಿ ಏನೂ ಇರಲಿಲ್ಲ. ಈ 14ರ ಸಂಜೆ ನೀವು ಮೂರೂ ಜನ ಬೆಂಗಳೂರಿಗೆ ಬರಬೇಕು. ಅಕ್ಕನಿಗೆ ಹೇಳಿಟ್ಟಿದ್ದೇನೆ. ಪುಟ್ಟಿಗೆ ಕೇಳುವುದು ನೂರು ಇರುತ್ತದೆ, ನಿನ್ನ ಮುಂದೆ ಕೇಳದೇ ಇರುವಂಥದ್ದೂ.

ಇವತ್ತು ಇಷ್ಟು ತುಳಿದ ಮೇಲೆ ರಾತ್ರಿ ನಿದ್ದೆಯಲ್ಲಿ ಶುಗರ್ ಇಳಿಯಬಹುದು ಅಂತ ಅಕ್ಕ ಎರಡು ಗಂಟೆಗೆ ಅಲಾರಂ ಇಟ್ಟು ಮಲಗಿದ್ದಾರೆ. ನಿನ್ನ ಮನೆಯಲ್ಲೂ ಅದೇ ಹೊತ್ತಿಗೆ ಅಲಾರಂ ಹೊಡೆಯುತ್ತದೆ ಅಂತ ನನಗೆ ಗೊತ್ತು. ನೀನೊಬ್ಬನೇ ಎದ್ದು, ಟಾರ್ಚ್ ಹಿಡಿದು, ಮಗಳ ಬೆರಳು ಹುಡುಕುವುದೂ ಗೊತ್ತು.

ಆ ಬೆಡ್‌ಶೀಟಿನಡಿಯ ಸೈಕಲ್ ಒಂದು ವರ್ಷದಲ್ಲಿ ಅವಳಿಗೆ ಚಿಕ್ಕದಾಗಿರುತ್ತದೆ. ಬೆಳಿಗ್ಗೆ ಅವಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲಿನ ಒಳಬದಿಯಲ್ಲಿ ತೊಡೆಸಂದಿನಿಂದ ನೆಲದವರೆಗೆ ಎಷ್ಟು ಇಂಚು ಅಂತ ಅಳೆದು ಕಳಿಸು. ಬಣ್ಣ ಅವಳನ್ನೇ ಕೇಳು.

ನಿನ್ನ
ಗೆಳೆಯ