ಹೆಸರು ಕೇಳದ ಕಂಬಗಳು

ಮೂಡಿಗೆರೆ

ಪ್ರೀತಿಯ ಸಹನಾಳಿಗೆ ಅಪ್ಪನ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ಮಳೆ ಹಿಡಿದಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ, ನಿನ್ನ ಅಮ್ಮನ ಮೊಣಕಾಲು ನೋವು ಹಾಗೆಯೇ ಇದೆ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ಬಗ್ಗೆ ನೀನು ಫೋನಿನಲ್ಲಿ ಹೇಳಿದ ಮಾತು ಅಂದಿನಿಂದ ತಲೆಯಲ್ಲಿ ಸುತ್ತುತ್ತಿದೆ. ಭಾನುವಾರದ ಸಭೆಗೆ ಒಂದು ನಿರ್ಣಯ ಬರುತ್ತದೆ, ಮುಸ್ಲಿಮರಿಗೂ ಕಾಶ್ಮೀರದವರಿಗೂ ಇನ್ನು ಮುಂದೆ ಯಾರೂ ಮನೆ ಬಾಡಿಗೆಗೆ ಕೊಡಕೂಡದು, ಎಲ್ಲವೂ ‘ಭದ್ರತೆಯ ದೃಷ್ಟಿಯಿಂದ’ ಎಂದೆ. ಸಮಿತಿಯಲ್ಲಿರುವ ನೀನು ಕೈ ಎತ್ತಬೇಕೋ ಬೇಡವೋ ಎಂದು ಕೇಳಿದೆ. ಫೋನಿನಲ್ಲಿ ನನಗೆ ಮಾತು ಜೋಡಿಸಲು ಬರುವುದಿಲ್ಲ. ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗುತ್ತಲೇ ಆಯಸ್ಸು ಕಳೆದ ಕಂಡಕ್ಟರ್ ನಾನು. ಅದಕ್ಕೇ ಈ ಕಾಗದ.

ಹೆದರುವವರನ್ನು ಹೀಯಾಳಿಸಲು ನಾನು ಬರೆಯುತ್ತಿಲ್ಲ. 2024ರ ಮಾರ್ಚ್ 1ರ ಮಧ್ಯಾಹ್ನ ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು ಎಂದು ಟಿವಿಯಲ್ಲಿ ಬಂದಾಗ ನಿನ್ನ ಫೋನು ಸಿಗಲಿಲ್ಲ. ನಿನ್ನ ಕಚೇರಿ ಅಲ್ಲೇ ಹತ್ತಿರ, ಊಟದ ಹೊತ್ತು ಬೇರೆ. ನಿನ್ನ ಅಮ್ಮ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಮೀಟಿಂಗಿನಲ್ಲಿದ್ದೆ ಎಂದು ನೀನು ಸಂಜೆ ಆರಾಮವಾಗಿ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಹಾಗಾಗಿ ‘ಬೆಂಗಳೂರು ಬಗ್ಗಲಿಲ್ಲ’ ಎಂಬಂಥ ಮರುದಿನದ ತಲೆಬರಹಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಜನ ಮರುದಿನ ಬಸ್ಸು ಹತ್ತಿದ್ದು ಬಾಡಿಗೆ ಕಟ್ಟಬೇಕಲ್ಲ ಎಂದು. ಅದರಲ್ಲಿ ತಪ್ಪೇನೂ ಇಲ್ಲ. ಆ ಕೆಫೆ ಎಂಟು ದಿನಗಳ ನಂತರ, ಮಾರ್ಚ್ 9ಕ್ಕೆ, ಮತ್ತೆ ಬಾಗಿಲು ತೆರೆಯಿತು. ಬಾಗಿಲಲ್ಲಿ ಲೋಹ ಶೋಧಕ ಬಂತು, ಬರುವ ಎಲ್ಲರಿಗೂ ಒಂದೇ ತಪಾಸಣೆ. ದೋಸೆಗೆ ಸಾಲು ನಿಲ್ಲುವವರು ಮತ್ತೆ ನಿಂತರು. ನನಗೆ ಇದು ಸರಿಯಾಗಿ ಕಾಣುತ್ತದೆ.

ಈಗ ನಿಮ್ಮ ನಿರ್ಣಯವನ್ನು ಆ ಪ್ರಕರಣಕ್ಕೇ ಹಚ್ಚಿ ನೋಡು. ಬಾಂಬ್ ಇಟ್ಟವನು ಬಂದದ್ದು ಬಿಎಂಟಿಸಿ ಬಸ್ಸಿನಲ್ಲಿ. ಬಸ್ಸಿನ ಕ್ಯಾಮೆರಾ, ರಸ್ತೆಯ ಕ್ಯಾಮೆರಾ, ತಲೆಯ ಮೇಲಿದ್ದ ಟೋಪಿ, ಇವನ್ನೆಲ್ಲ ಹಿಡಿದು ಪೊಲೀಸರೂ ಎನ್ಐಎಯವರೂ ಬೆನ್ನು ಹತ್ತಿದರು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರು ಸಿಕ್ಕಾಗ ಅವರು ಸುಳ್ಳು ಹೆಸರುಗಳಲ್ಲಿ ವಾಸವಾಗಿದ್ದರು ಎಂದು ಎನ್ಐಎ ಹೇಳಿತು. ಅಂದರೆ, ಕೇಡು ಬಗೆದವನು ನಿಮ್ಮ ಗೇಟಿಗೆ ಬರುವಾಗ ನಿಮಗೆ ಒಪ್ಪಿಗೆಯಾಗುವ ಹೆಸರನ್ನೇ ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ಸ್ವಂತ ಹೆಸರು ಹೇಳಿ ವಾಪಸು ಹೋಗುವವನು ಯಾರು? ಯಾವುದೋ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ, ಇಲ್ಲವೇ ಮಗುವನ್ನು ಶಾಲೆಗೆ ಸೇರಿಸಲು ಮನೆ ಹುಡುಕುತ್ತಿರುವ ಹೆಂಗಸು.

ಆದರೆ ಸಭೆಯಲ್ಲಿ ಒಂದು ಗಟ್ಟಿ ಪ್ರಶ್ನೆ ಬರುತ್ತದೆ, ಅದಕ್ಕೆ ಸಿದ್ಧಳಾಗಿ ಹೋಗು. ‘ಓದಿದವರು, ಒಳ್ಳೆಯ ಮನೆತನದವರು ಎಂದು ನಂಬಿಯೇ ಕೆಟ್ಟೆವಲ್ಲ, ಕಫೀಲ್ ಅಹಮದ್ ಬೆಂಗಳೂರಿನವನೇ ಅಲ್ಲವೇ’ ಎಂದು ಯಾರಾದರೂ ಕೇಳಬಹುದು. ಹೌದು, ಬೆಂಗಳೂರಿನವನೇ. ಎಂಜಿನಿಯರ್, ತಂದೆ ತಾಯಿ ಇಬ್ಬರೂ ವೈದ್ಯರು. ಇದನ್ನು ಮುಚ್ಚಿಡಬೇಡ, ತಗ್ಗಿಸಿಯೂ ಹೇಳಬೇಡ. ಆ ಕಥೆಯನ್ನು ಪೂರ್ತಿ ಹೇಳು. ಆಗ ನೀನು ಹೈಸ್ಕೂಲಿನಲ್ಲಿದ್ದೆ, ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ.

2007ರ ಜೂನ್ 30, ಶನಿವಾರ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ಮತ್ತು ಪೆಟ್ರೋಲ್ ತುಂಬಿದ ಜೀಪನ್ನು ಕಫೀಲನೂ ಬಿಲಾಲ್ ಅಬ್ದುಲ್ಲಾ ಎಂಬ ವೈದ್ಯನೂ ನುಗ್ಗಿಸಿದರು. ಶಾಲೆಗಳಿಗೆ ರಜೆ ಶುರುವಾದ ಸಮಯ, ಒಳಗೆ ಮಕ್ಕಳು ಮರಿಗಳ ಸಂಸಾರಗಳು. ಬಾಗಿಲ ಮುಂದೆ ನೆಟ್ಟಿದ್ದ ಗಟ್ಟಿ ಕಂಬಗಳು ಜೀಪನ್ನು ತಡೆದವು. ಆ ಕಂಬಗಳ ವಿಷಯ ಸಭೆಯಲ್ಲಿ ಒತ್ತಿ ಹೇಳು. ಜೀಪಿನಲ್ಲಿ ಯಾರಿದ್ದಾರೆ, ಯಾವ ಊರಿನವರು, ಯಾವ ದೇವರಿಗೆ ಕೈಮುಗಿಯುವವರು ಎಂದು ಕೇಳದೆಯೇ ತಡೆದವು. ಬೆಂಕಿ ಹತ್ತಿತು. ಬಿಡುವಿನ ಹೊತ್ತಿನಲ್ಲಿ ಅಲ್ಲಿದ್ದ ಜಾನ್ ಸ್ಮೀಟನ್ ಎಂಬ ಸಾಮಾನು ಸಾಗಿಸುವ ಕೆಲಸಗಾರ ಓಡಿ ಬಂದ. ಟ್ಯಾಕ್ಸಿಯವರು, ಪ್ರಯಾಣಿಕರು, ಪೊಲೀಸರು ಎಲ್ಲ ಸೇರಿ ಇಬ್ಬರನ್ನೂ ನೆಲಕ್ಕೆ ಕೆಡವಿದರು. ಹಿಡಿಯಲು ಹೋದವರಲ್ಲಿ ಒಬ್ಬನ ಕಾಲು ಮುರಿಯಿತು. ಕಫೀಲನ ಮೈಗೆ ಹತ್ತಿದ ಬೆಂಕಿಯನ್ನು ಆರಿಸಿದವನು ರಜೆಯಲ್ಲಿದ್ದ ಒಬ್ಬ ಪೊಲೀಸ್. ಅಲ್ಲಿಯ ವೈದ್ಯರು ಅವನನ್ನು ಉಳಿಸಲು ಒಂದು ತಿಂಗಳು ಹೆಣಗಿದರು; ಆಗಸ್ಟ್ 2ರಂದು ಅವನು ಸತ್ತ. ಬೇರೆ ಯಾರೂ ಸಾಯಲಿಲ್ಲ. ವಿಮಾನ ನಿಲ್ದಾಣ ಮರುದಿನ ತೆರೆಯಿತು. ಅಬ್ದುಲ್ಲಾನಿಗೆ ತೆರೆದ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ಕನಿಷ್ಠ 32 ವರ್ಷಗಳ ಜೀವಾವಧಿ ಶಿಕ್ಷೆಯಾಯಿತು.

ಇನ್ನರ್ಧ ಕಥೆ ನಮ್ಮ ಊರಿನದು. ಕಫೀಲನ ದೂರದ ಸಂಬಂಧಿ, ಮೂಡಿಗೆರೆಯಲ್ಲಿ ಬೆಳೆದ ಡಾ. ಮೊಹಮದ್ ಹನೀಫ್ ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರು. ತಂದೆ ಶಾಲಾ ಶಿಕ್ಷಕರಾಗಿದ್ದರು, ಮಗನಿಗೆ ಹದಿನೆಂಟಾಗಿದ್ದಾಗ ತೀರಿಕೊಂಡರು. ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತ್ತು. ಮಗುವನ್ನು ನೋಡಲು ಹೊರಟವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಅನುಮಾನಕ್ಕೆ ಕಾರಣಗಳು ಎರಡು. ಒಂದು, ಬರೀ ಹೋಗುವ ಟಿಕೆಟ್ ಮಾತ್ರ ಇತ್ತು. ಇನ್ನೊಂದು, ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ಆ ತಮ್ಮನಿಗೆ ದಾಳಿಯ ನಂತರ ಮಾಹಿತಿ ಮುಚ್ಚಿಟ್ಟದ್ದಕ್ಕಾಗಿ ಬ್ರಿಟನ್ನಿನಲ್ಲಿ ಶಿಕ್ಷೆಯಾಯಿತು, ಅದೂ ಸರಿಯೇ. ಆದರೆ ಹನೀಫ್ ಮಾಡಿದ್ದೇನು? ಬಂಧನಕ್ಕೆ ಮೊದಲು ತಾವಾಗಿಯೇ ಬ್ರಿಟನ್ನಿನ ಪೊಲೀಸ್ ಅಧಿಕಾರಿಗೆ ಮತ್ತೆ ಮತ್ತೆ ಫೋನ್ ಹಚ್ಚಿದ್ದರು.

ಆರೋಪವೇ ಇಲ್ಲದೆ ಹನ್ನೆರಡು ದಿನ ಇಟ್ಟುಕೊಂಡು ಆಮೇಲೆ ಆರೋಪ ಹೊರಿಸಿದರು. ಗ್ಲಾಸ್ಗೋದ ಜೀಪಿನಲ್ಲಿ ಇವರ ಸಿಮ್ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಮ್ಮ ಮೂಡಿಗೆರೆ ಬಸ್ಸುಗಳಲ್ಲಂತೂ ಅಷ್ಟರೊಳಗೆ ತೀರ್ಪು ಹೊರಬಿದ್ದಿತ್ತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಹಿಂದಿನ ಸೀಟಿನವರು ಮುಂದಿನ ಸೀಟಿನವರಿಗೆ ಹೇಳುವರು, ನಾನು ನಡುವೆ ನಿಂತು ಟಿಕೆಟ್ ಹರಿಯುವೆ. ಜುಲೈ 16ರಂದು ಬ್ರಿಸ್ಬೇನಿನ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ ಅಲ್ಲಿಯ ವಲಸೆ ಸಚಿವರು ವೀಸಾ ರದ್ದು ಮಾಡಿ ಅವರನ್ನು ಬಂಧನದಲ್ಲೇ ಉಳಿಸಿದರು. ಚುನಾವಣೆ ಹತ್ತಿರವಿತ್ತು, ಸಚಿವರು ಎಲ್ಲ ದೇಶಗಳಲ್ಲೂ ಸಚಿವರೇ.

ಇಲ್ಲಿಂದ ಮುಂದಿನದ್ದು ನನಗೆ ಗ್ಲಾಸ್ಗೋದ ಹೊಡೆದಾಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹನೀಫರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳ ದಾಖಲೆಯನ್ನು ಪತ್ರಕರ್ತರೊಬ್ಬರ ಕೈಗಿಟ್ಟರು, ಕೊಟ್ಟವನು ನಾನೇ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಸಿಮ್ ಇದ್ದದ್ದು ಜೀಪಿನಲ್ಲಲ್ಲ, ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ ಎಂದು ಮತ್ತೊಬ್ಬ ವರದಿಗಾರ ಹೊರಗೆಳೆದರು. ಹನೀಫರ ಮುಖವನ್ನೇ ಕಾಣದಿದ್ದ ಆಸ್ಟ್ರೇಲಿಯನ್ನರು ಬೀದಿಯಲ್ಲಿ ನಿಂತು ಅವರ ಪರ ಫಲಕ ಹಿಡಿದರು. ಜುಲೈ 27ರಂದು ಆರೋಪ ಕೈಬಿಟ್ಟರು, ಎರಡು ದಿನಕ್ಕೆ ಅವರು ಬೆಂಗಳೂರಿಗೆ ಬಂದಿಳಿದು ಮಗುವನ್ನು ಎತ್ತಿಕೊಂಡರು. ವೀಸಾ ರದ್ದು ಮಾಡಿದ್ದು ತಪ್ಪೆಂದು ಅಲ್ಲಿಯ ನ್ಯಾಯಾಲಯವೇ ಹೇಳಿತು. ಮುಂದಿನ ವರ್ಷ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ, ಆರೋಪ ಹೊರಿಸಲು ಆಧಾರವೇ ಇರಲಿಲ್ಲ ಎಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ತಡವಾಯಿತು, ನಿಜ. ಒಬ್ಬ ವೈದ್ಯನ ಜೀವನದ ಎಷ್ಟೋ ಭಾಗ ಅದರಲ್ಲಿ ಹೋಯಿತು. ಆದರೆ ತಪ್ಪನ್ನು ಹೊರಗೆಳೆಯುವ ಬಾಗಿಲುಗಳು ಅಲ್ಲಿ ಮುಚ್ಚಿರಲಿಲ್ಲ, ಅವುಗಳ ಬಳಿ ನಿಂತವರು ನಮ್ಮ ನಿಮ್ಮಂಥವರು.

ನಿಮ್ಮ ಸಂಘದ ನಿರ್ಣಯಕ್ಕೆ ಇಂಥ ಯಾವ ಬಾಗಿಲೂ ಇಲ್ಲ, ಸಹನಾ. ಮನೆ ಇಲ್ಲವೆನಿಸಿಕೊಂಡವನು ಯಾರ ಹತ್ತಿರ ದೂರು ಹೇಳಬೇಕು? ಕಾರಣವನ್ನೂ ಅವನಿಗೆ ಹೇಳುವುದಿಲ್ಲ, ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಎಂದು ನಗುತ್ತಾ ಕಳುಹಿಸುತ್ತಾರೆ. ಆ ಪಟ್ಟಿಯಲ್ಲಿ ಕಫೀಲನೂ ಹನೀಫರೂ ಒಂದೇ. ಅವರಿಬ್ಬರನ್ನೂ ಬೇರೆಬೇರೆಯಾಗಿ ಕಾಣಲು ಬಾರದ ಜರಡಿಗೆ ಭದ್ರತೆ ಎಂದು ಹೆಸರಿಡುವುದು ಹೇಗೆ?

ಬಸ್ಸಿನಲ್ಲಿ ನಮಗೊಂದು ರೂಢಿ ಇತ್ತು. ಸೀಟಿನ ಕೆಳಗೆ ವಾರಸುದಾರರಿಲ್ಲದ ಚೀಲ ಕಂಡರೆ ‘ಇದು ಯಾರದ್ದು’ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುವುದು. ಯಾರೂ ಬಾಯಿ ಬಿಡದಿದ್ದರೆ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸುವುದು. ಬೈಗುಳ ತಿಂದಿದ್ದೇನೆ, ಮದುವೆಗೆ ತಡವಾಯಿತೆಂದು ಶಾಪ ಹಾಕಿಸಿಕೊಂಡಿದ್ದೇನೆ. ಸಾಮಾನ್ಯವಾಗಿ ಒಳಗಿರುತ್ತಿದ್ದದ್ದು ಹಲಸಿನ ಹಣ್ಣು. ಆದರೂ ಚೀಲವನ್ನು ಬಿಟ್ಟು ಗಡ್ಡವನ್ನು ನೋಡುತ್ತಾ ಕೂತ ಕಂಡಕ್ಟರನಿಗೆ ಚೀಲ ಕಾಣುವುದೇ ಇಲ್ಲ.

ಆದ್ದರಿಂದ ಬರೀ ‘ಬೇಡ’ ಎಂದು ಕೂರಬೇಡ, ಹೆದರಿದವರಿಗೆ ಏನಾದರೂ ಕೊಡಲೇಬೇಕು. ಬಾಡಿಗೆಗೆ ಬರುವ ಎಲ್ಲರ ವಿವರವೂ ಪೊಲೀಸ್ ಠಾಣೆಗೆ ಹೋಗಲಿ, ಶಾಸ್ತ್ರಿಗಳ ಅಳಿಯನದ್ದೂ ಸೇರಿ. ಗೇಟಿನ ಕ್ಯಾಮೆರಾ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಕೇಳು. ಅಗ್ನಿಶಾಮಕ ಸಿಲಿಂಡರುಗಳ ಅವಧಿ ಮುಗಿದಿದೆ ಎಂದು ನೀನೇ ಹಿಂದೊಮ್ಮೆ ನಕ್ಕಿದ್ದೆ. ಅದನ್ನು ಮೊದಲು ತುಂಬಿಸಲಿ. ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ವಾಹನಗಳ ಮಾಲೀಕರನ್ನು ಹುಡುಕಲಿ. ಹೊಸದಾಗಿ ಯಾವ ನಿರ್ಬಂಧ ತಂದರೂ ಆರು ತಿಂಗಳಿಗೆ ಮತ್ತೆ ಸಭೆಯ ಮುಂದೆ ಬರಬೇಕು ಎಂದು ಬರೆಸು, ಇಲ್ಲವಾದರೆ ಅದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಅಳಿಯಂದಿರು ‘ಸುಮ್ಮನೆ ಯಾಕೆ ನೆರೆಹೊರೆಯವರ ನಿಷ್ಠುರ’ ಎಂದರಂತೆ. ಅವರ ಮಾತಿನಲ್ಲೂ ಹುರುಳಿದೆ, ಲಿಫ್ಟಿನಲ್ಲಿ ದಿನವೂ ಮುಖ ನೋಡಬೇಕಾದವರು ನೀವು. ಜಗಳ ಮಾಡಬೇಡ, ಯಾರನ್ನೂ ಕೋಮುವಾದಿ ಎಂದು ಕರೆಯಬೇಡ. ಅವರಲ್ಲಿ ಹೆಚ್ಚಿನವರು ನಿನ್ನ ಅಮ್ಮ ಅಂದು ಹೆದರಿದಂತೆ ಹೆದರಿದವರು. ಆದರೆ ನಿರ್ಣಯ ಪಾಸಾದರೆ ‘ನನ್ನ ವಿರೋಧವಿದೆ’ ಎಂದು ನಡಾವಳಿ ಪುಸ್ತಕದಲ್ಲಿ ನಿನ್ನ ಹೆಸರಿನ ಸಮೇತ ಬರೆಸು. ಬರೆಯುವುದಿಲ್ಲ ಎಂದರೆ ಇಮೇಲ್ ಕಳಿಸು.

ಸಭೆ ಮುಗಿದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು. ಅಮ್ಮ ಕಳಿಸಿದ ಉಪ್ಪಿನಕಾಯಿ ಡಬ್ಬಿ ಸೋರಿದೆಯೇ ಎಂದು ಕೇಳಲು ಹೇಳಿದ್ದಾಳೆ.

ಇಂತಿ,
ನಿನ್ನ ಅಪ್ಪ