ಎತ್ತರ ಬೆಳೆಯದ ಮಗುವಿನ ರಕ್ತದಲ್ಲಿ ಸೀಸವನ್ನೂ ನೋಡಿ

ಮಾನ್ಯ ಸಂಪಾದಕರೇ,

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ. ಅಪೌಷ್ಟಿಕತೆಯೇ ಮುಖ್ಯ ಕಾರಣ, ನಿಜ. ಆದರೆ ಕಬ್ಬಿಣದ ಸಿರಪ್ ಕುಡಿಸಿದರೂ ಚೇತರಿಸದ ಮಗುವಿನ ಮನೆಯಲ್ಲಿ ಸೀಸ ಇದೆಯೇ ಎಂದು ಕೇಳುವವರೇ ಇಲ್ಲ.

ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ರಕ್ತ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರುತ್ತದೆ. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರುಳು ಇನ್ನೂ ಹೆಚ್ಚು ಹೀರುತ್ತದೆ. ಅಂದರೆ ಬಡವರ ಮಗುವಿಗೇ ಪೆಟ್ಟು ಜೋರು. ಸೀಸ ಹಿಮೋಗ್ಲೋಬಿನ್ ತಯಾರಾಗಲು ಬಿಡುವುದಿಲ್ಲ, ಎತ್ತರದ ಬೆಳವಣಿಗೆಯನ್ನೂ ಕುಂಠಿಸಬಹುದು, ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ, ಮಿದುಳಿಗೆ ಆದ ಹಾನಿ ಮರಳುವುದಿಲ್ಲ.

ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ದುಡಿಯುವವರ ಬಟ್ಟೆ, ಚಪ್ಪಲಿಯ ಜತೆ ದೂಳು ಮನೆಗೆ ಬರುತ್ತದೆ. ಅಂಥವರು ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬಾರದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್ ಬಣ್ಣದ ಬಾಗಿಲು, ಕಿಟಕಿಗಳನ್ನು ಹಬ್ಬದ ಮುಂದೆ ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿಸಿದರೆ ದೂಳು ನೆಲಕ್ಕಿಳಿದು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಚಿಮುಕಿಸಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ, ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿಯುವವರೆಗೆ ಮಕ್ಕಳು, ಗರ್ಭಿಣಿಯರು ಬೇರೆಡೆ ಇರಲಿ.

ಹಿತ್ತಾಳೆ ಪಾತ್ರೆಗೆ ಕಲಾಯಿ (ತವರದ ಲೇಪ) ಹಾಕಿಸುವಾಗಲೂ ಎಚ್ಚರ ಬೇಕು, ತವರಕ್ಕೆ ಸೀಸ ಬೆರೆತಿರಬಹುದು. ಶುದ್ಧ ತವರದ ಕಡ್ಡಿ ಬಗ್ಗಿಸಿದರೆ ಚರಚರ ಸದ್ದು ಮಾಡುತ್ತದೆ. ಸೀಸ ಸದ್ದಿಲ್ಲದೆ ಬಗ್ಗುತ್ತದೆ, ಕಾಗದಕ್ಕೆ ಉಜ್ಜಿದರೆ ಬೂದು ಗೆರೆ ಮೂಡುತ್ತದೆ. ಬೆರಕೆ ಲೋಹದಲ್ಲಿ ಈ ಗುರುತು ಕೈಕೊಡಬಹುದು. ಅನುಮಾನವಿದ್ದರೆ ಹುಣಸೆಹುಳಿಯ ಸಾರಿಗೆ ಸ್ಟೀಲ್ ಪಾತ್ರೆಯೇ ಇರಲಿ, ಹುಳಿ ಸೀಸವನ್ನು ಬಿಡಿಸುತ್ತದೆ.

ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಬೆರಳು ಚುಚ್ಚುವಲ್ಲಿ. ಚರ್ಮದ ಮೇಲಿನ ದೂಳು ಬೆರೆತು ಸುಳ್ಳು ಅಂಕಿ ಬರುತ್ತದೆ. ಸೋಪಿನಿಂದ ಕೈ ತೊಳೆಸಿದ ಮೇಲೂ, ಅಂಕಿ ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲೇ ಖಚಿತಪಡಿಸಬೇಕು. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಬರುವ ದಾರಿ ಹುಡುಕಿ ಮುಚ್ಚಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 45 ಮುಟ್ಟಿದರೆ ಸೀಸ ಹೊರಹಾಕುವ ಔಷಧ ಬೇಕು. ದಾರಿ ಮುಚ್ಚದೆ ಔಷಧ ಕೊಟ್ಟರೆ ಅಂಕಿ ಮತ್ತೆ ಏರುತ್ತದೆ.

ಅಂಗನವಾಡಿಯಲ್ಲಿ ತೂಕ, ಎತ್ತರ ಬರೆದುಕೊಳ್ಳುವಾಗ ಬ್ಯಾಟರಿ ಕೆಲಸ, ಹಳೆ ಬಣ್ಣ, ಕಲಾಯಿ ಪಾತ್ರೆ ಎಂಬ ಮೂರು ಪ್ರಶ್ನೆ ಸೇರಿಸಲಿ. ‘ಹೌದು’ ಎಂದ ಮನೆಯ ಮಗುವಿನ ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕು.

– ಮಕ್ಕಳ ವೈದ್ಯರೊಬ್ಬರು, ಹಾಸನ